ಫ್ರಾನ್ಸ್‌ನಲ್ಲಿ ವಿದೇಶಿಯರ ವಸತಿ ಮತ್ತು ವಾಹನ

ಫ್ರಾನ್ಸ್‌ನಲ್ಲಿ ವಿದೇಶಿಯರ ವಸತಿ ಮತ್ತು ವಾಹನ ಎಂಬ ಈ ಲೇಖನವು ವಿದ್ಯಾಭ್ಯಾಸ, ಉದ್ಯೋಗ ಅಥವಾ ಕುಟುಂಬದ ಕಾರಣದಿಂದ ಫ್ರಾನ್ಸ್‌ನಲ್ಲಿ ನೆಲೆಸುವ ಇತರ ದೇಶಗಳ ಪ್ರಜೆಗಳು ಮನೆಯನ್ನು ಬಾಡಿಗೆಗೆ ಪಡೆಯುವ ಅಥವಾ ಕೊಳ್ಳುವ, ಕಾರನ್ನು ಹೊಂದುವ ಮತ್ತು ಓಡಿಸುವ ಕುರಿತಾದ ಕಾನೂನುಗಳನ್ನೂ ರೂಢಿಗಳನ್ನೂ ವಿವರಿಸುತ್ತದೆ. ಮನೆ ಬಾಡಿಗೆಯ ವಿಷಯದಲ್ಲಿ ಫ್ರಾನ್ಸ್‌ನ ಕಾನೂನು ಪ್ರಜೆ ಮತ್ತು ವಿದೇಶಿಯರ ನಡುವೆ ಭೇದವೆಣಿಸುವುದಿಲ್ಲ. ಬಾಡಿಗೆದಾರನಿಗೆ ದೊರೆಯುವ ರಕ್ಷಣೆ ಇಬ್ಬರಿಗೂ ಒಂದೇ. ಆದರೆ ಹೊಸದಾಗಿ ಬಂದವರಲ್ಲಿ ಸ್ಥಳೀಯ ವೇತನಪತ್ರ, ಜಾಮೀನುದಾರ ಹಾಗೂ ವಿಳಾಸದ ಪುರಾವೆ ಇರುವುದಿಲ್ಲವಾದ್ದರಿಂದ ಈ ಹಕ್ಕುಗಳನ್ನು ಬಳಸಿಕೊಳ್ಳುವುದು ಅವರಿಗೆ ಕಷ್ಟವಾಗುತ್ತದೆ. ವಾಹನ ಚಾಲನೆಯಲ್ಲಿ ಪರಿಸ್ಥಿತಿ ಬೇರೆ. ಚಾಲನಾ ಪರವಾನಗಿಯನ್ನು ಯಾವ ದೇಶ ನೀಡಿದೆ ಎಂಬುದರ ಮೇಲೆ ಹಕ್ಕು ನಿರ್ಧಾರವಾಗುತ್ತದೆ ಮತ್ತು ಕಾಲಮಿತಿ ಮೀರಿದರೆ ಅದು ಇಲ್ಲವಾಗುತ್ತದೆ.

## ವಿಳಾಸದ ಪುರಾವೆ

ಫ್ರಾನ್ಸ್‌ನ ಆಡಳಿತ ವ್ಯವಸ್ಥೆಯಲ್ಲಿ ವಾಸದ ವಿಳಾಸವನ್ನು ದೃಢಪಡಿಸುವ ದಾಖಲೆಗೆ ವಿಶೇಷ ಮಹತ್ವವಿದೆ. ವಿದ್ಯುತ್ ಅಥವಾ ಅನಿಲದ ಬಿಲ್, ಬಾಡಿಗೆ ರಸೀದಿ, ಮನೆ ವಿಮೆಯ ಪ್ರಮಾಣಪತ್ರ ಮುಂತಾದವು ಇಂತಹ ದಾಖಲೆಗಳು. ಬ್ಯಾಂಕ್ ಖಾತೆ, ನಿವಾಸ ಪರವಾನಗಿಯ ನವೀಕರಣ, ವಸತಿ ಸಹಾಯಧನ, ವಾಹನ ನೋಂದಣಿ ಎಲ್ಲಕ್ಕೂ ಇದು ಬೇಕು. ಮನೆ ಸಿಗಬೇಕಾದರೆ ಬ್ಯಾಂಕ್ ಖಾತೆ ಕೇಳುವುದು, ಖಾತೆ ತೆರೆಯಬೇಕಾದರೆ ಮನೆಯ ವಿಳಾಸ ಕೇಳುವುದು ಹೊಸಬರು ಎದುರಿಸುವ ಸಾಮಾನ್ಯ ತೊಡಕು.

ಸ್ನೇಹಿತರ ಅಥವಾ ಬಂಧುಗಳ ಮನೆಯಲ್ಲಿ ತಂಗಿರುವವರು ಆ ಮನೆಯವರು ಸಹಿ ಮಾಡಿದ ಆಶ್ರಯ ದೃಢೀಕರಣ ಪತ್ರವನ್ನು, ಅವರ ಗುರುತಿನ ಚೀಟಿ ಹಾಗೂ ವಿಳಾಸದ ದಾಖಲೆಯ ಪ್ರತಿಯೊಂದಿಗೆ ಸಲ್ಲಿಸಬಹುದು. ಬ್ಯಾಂಕುಗಳು ಖಾತೆ ತೆರೆಯಲು ನಿರಾಕರಿಸಿದರೆ ಫ್ರಾನ್ಸ್‌ನ ಕೇಂದ್ರ ಬ್ಯಾಂಕಾದ 'ಬಾಂಕ್ ದ ಫ್ರಾಂಸ್'‌ಗೆ ಅರ್ಜಿ ಸಲ್ಲಿಸಿ, ಅದು ಸೂಚಿಸುವ ಬ್ಯಾಂಕಿನಲ್ಲಿ ಮೂಲ ಸೇವೆಗಳುಳ್ಳ ಖಾತೆಯನ್ನು ಪಡೆಯುವ ಹಕ್ಕಿದೆ. ಮನೆ ಬದಲಿಸಿದಾಗ ನಿವಾಸ ಪರವಾನಗಿ ಹೊಂದಿದವರು 3 ತಿಂಗಳೊಳಗೆ ಹೊಸ ವಿಳಾಸವನ್ನು ಆಡಳಿತಕ್ಕೆ ತಿಳಿಸಬೇಕು.

## ಬಾಡಿಗೆ ಮನೆ

### ಕಾನೂನಿನ ಚೌಕಟ್ಟು

ಮುಖ್ಯ ವಾಸಸ್ಥಾನವಾಗಿ ಬಳಸುವ ಬಾಡಿಗೆ ಮನೆಗಳಿಗೆ 1989ರ ಜುಲೈ 6ರ ಕಾಯ್ದೆ ಅನ್ವಯಿಸುತ್ತದೆ. 2014ರ ಮಾರ್ಚ್ 24ರ 'ಅಲ್ಯೂರ್' ಕಾಯ್ದೆ ಮತ್ತು 2018ರ ನವೆಂಬರ್ 23ರ 'ಎಲಾನ್' ಕಾಯ್ದೆಗಳು ಇದಕ್ಕೆ ಮುಖ್ಯ ತಿದ್ದುಪಡಿಗಳನ್ನು ತಂದವು. ಬಾಡಿಗೆ ಕರಾರು ಲಿಖಿತವಾಗಿರಬೇಕು. ಕರಾರಿನ ಮುಖ್ಯ ವಿಧಗಳು ಹೀಗಿವೆ:

* ಪೀಠೋಪಕರಣವಿಲ್ಲದ ಮನೆ: ಮಾಲೀಕ ವ್ಯಕ್ತಿಯಾಗಿದ್ದರೆ ಕರಾರಿನ ಅವಧಿ ಕನಿಷ್ಠ 3 ವರ್ಷ, ಸಂಸ್ಥೆಯಾಗಿದ್ದರೆ 6 ವರ್ಷ. ಠೇವಣಿ ಗರಿಷ್ಠ 1 ತಿಂಗಳ ಬಾಡಿಗೆ.
* ಪೀಠೋಪಕರಣಸಹಿತ ಮನೆ: ಅವಧಿ 1 ವರ್ಷ. ವಿದ್ಯಾರ್ಥಿಗಳಿಗೆ 9 ತಿಂಗಳ ಕರಾರಿಗೂ ಅವಕಾಶವಿದೆ. ಠೇವಣಿ ಗರಿಷ್ಠ 2 ತಿಂಗಳ ಬಾಡಿಗೆ. ಹಾಸಿಗೆ, ಒಲೆ, ಫ್ರಿಜ್, ಪಾತ್ರೆ, ಮೇಜು-ಕುರ್ಚಿ ಮುಂತಾಗಿ ಮನೆಯಲ್ಲಿ ಇರಲೇಬೇಕಾದ ವಸ್ತುಗಳ ಪಟ್ಟಿಯನ್ನು 2015ರ ಆದೇಶವೊಂದು ನಿಗದಿಪಡಿಸಿದೆ.
* ಅಲ್ಪಾವಧಿ ಕರಾರು: ವಿದ್ಯಾರ್ಥಿಗಳು, ತರಬೇತಿಯಲ್ಲಿರುವವರು ಹಾಗೂ ತಾತ್ಕಾಲಿಕವಾಗಿ ವರ್ಗವಾದ ನೌಕರರಿಗಾಗಿ 'ಎಲಾನ್' ಕಾಯ್ದೆಯಿಂದ ಜಾರಿಗೆ ಬಂದದ್ದು. ಅವಧಿ 1ರಿಂದ 10 ತಿಂಗಳು. ಠೇವಣಿ ಕೇಳುವಂತಿಲ್ಲ.

ಬೆಂಗಳೂರಿನಂತಹ ನಗರಗಳಲ್ಲಿ ಹಲವು ತಿಂಗಳ ಬಾಡಿಗೆಯನ್ನು 'ಅಡ್ವಾನ್ಸ್' ಆಗಿ ಪಡೆಯುವ ರೂಢಿಗೆ ಹೋಲಿಸಿದರೆ ಇಲ್ಲಿನ ಠೇವಣಿ ಕಡಿಮೆ. ಅದರ ಬದಲು ಆದಾಯ ಮತ್ತು ಜಾಮೀನಿನ ಪರಿಶೀಲನೆ ಕಟ್ಟುನಿಟ್ಟಾಗಿರುತ್ತದೆ.

ಜಾಹೀರಾತುಗಳಲ್ಲಿ ಮನೆಯ ಗಾತ್ರವನ್ನು 'ಟಿ1', 'ಟಿ2' ಅಥವಾ 'ಎಫ್2' ಎಂಬ ಸಂಕೇತಗಳಿಂದ ಸೂಚಿಸಲಾಗುತ್ತದೆ. ಇಲ್ಲಿನ ಅಂಕಿ ಮಲಗುವ ಕೋಣೆಗಳ ಸಂಖ್ಯೆಯಲ್ಲ, ಮುಖ್ಯ ಕೋಣೆಗಳ ಸಂಖ್ಯೆ. ಅಡುಗೆಮನೆ, ಬಚ್ಚಲುಮನೆಗಳನ್ನು ಇದರಲ್ಲಿ ಎಣಿಸುವುದಿಲ್ಲ. ಹೀಗಾಗಿ 'ಟಿ2' ಎಂದರೆ ಒಂದು ಹಜಾರ ಮತ್ತು ಒಂದು ಮಲಗುವ ಕೋಣೆ. ಬಾಡಿಗೆಗೆ ಕೊಡುವ ಮನೆಯಲ್ಲಿ ಕನಿಷ್ಠ 9 ಚದರ ಮೀಟರ್ ವಿಸ್ತೀರ್ಣ ಹಾಗೂ 2.20 ಮೀಟರ್ ಎತ್ತರವುಳ್ಳ ಒಂದು ಮುಖ್ಯ ಕೋಣೆ, ಅಥವಾ 20 ಘನ ಮೀಟರ್ ಗಾತ್ರದ ಒಂದು ಮುಖ್ಯ ಕೋಣೆ ಇರಬೇಕು. ಶಕ್ತಿ ಬಳಕೆಯ ದೃಷ್ಟಿಯಿಂದ ಮನೆಗಳನ್ನು 'ಎ'ಯಿಂದ 'ಜಿ'ವರೆಗೆ ವರ್ಗೀಕರಿಸಲಾಗಿದ್ದು, ಕೊನೆಯ 'ಜಿ' ವರ್ಗದ ಮನೆಗಳಿಗೆ ಫ್ರಾನ್ಸ್‌ನ ಮುಖ್ಯಭೂಮಿಯಲ್ಲಿ 2025ರ ಜನವರಿ 1ರಿಂದ ಹೊಸ ಕರಾರು ನಿಷಿದ್ಧವಾಗಿದೆ.

### ಅರ್ಜಿ ಮತ್ತು ಜಾಮೀನು

ಬೇಡಿಕೆ ಹೆಚ್ಚಿರುವ ನಗರಗಳಲ್ಲಿ ಮಾಲೀಕರು ಬಾಡಿಗೆಯ 3 ಪಟ್ಟು ಮಾಸಿಕ ಆದಾಯವನ್ನು ನಿರೀಕ್ಷಿಸುವುದು ವಾಡಿಕೆ. ಇದು ರೂಢಿಯೇ ಹೊರತು ಕಾನೂನಿನ ನಿಯಮವಲ್ಲ. ಅರ್ಜಿದಾರರಿಂದ ಕೇಳಬಹುದಾದ ದಾಖಲೆಗಳನ್ನು 2015ರ ನವೆಂಬರ್ 5ರ ಆದೇಶ ಪಟ್ಟಿ ಮಾಡಿದೆ. ಗುರುತು, ವಾಸಸ್ಥಳ, ವೃತ್ತಿ ಮತ್ತು ಆದಾಯವನ್ನು ತೋರಿಸುವ ಪತ್ರಗಳನ್ನು ಕೇಳಬಹುದು. ಬ್ಯಾಂಕ್ ಖಾತೆಯ ವಹಿವಾಟಿನ ವಿವರ, ವೈದ್ಯಕೀಯ ದಾಖಲೆ, ಗುರುತಿನ ಚೀಟಿಯಲ್ಲಿರುವುದನ್ನು ಬಿಟ್ಟು ಬೇರೆ ಭಾವಚಿತ್ರ ಇವುಗಳನ್ನು ಕೇಳುವಂತಿಲ್ಲ. ದಾಖಲೆಗಳನ್ನು ಒಂದೇ ಕಡತವಾಗಿ ಸಿದ್ಧಪಡಿಸಲು 'ದೋಸಿಯೇ ಫಾಸಿಲ್' ಎಂಬ ಉಚಿತ ಸರ್ಕಾರಿ ಸೇವೆಯಿದೆ.

ವಿದೇಶಿಯರಿಗೆ ಅತಿ ದೊಡ್ಡ ಅಡ್ಡಿಯಾಗುವುದು ಜಾಮೀನುದಾರನ ಷರತ್ತು. ಬಾಡಿಗೆದಾರ ಹಣ ಕಟ್ಟದಿದ್ದರೆ ತಾನು ಕಟ್ಟುವುದಾಗಿ ಒಪ್ಪಿಕೊಳ್ಳುವ ವ್ಯಕ್ತಿಯನ್ನು 'ಗಾರಾಂ' ಎನ್ನುತ್ತಾರೆ. ಜಾಮೀನುದಾರ ಫ್ರೆಂಚ್ ಪ್ರಜೆಯಲ್ಲ ಅಥವಾ ಫ್ರಾನ್ಸ್‌ನ ಮುಖ್ಯಭೂಮಿಯಲ್ಲಿ ವಾಸಿಸುತ್ತಿಲ್ಲ ಎಂಬ ಕಾರಣಕ್ಕೆ ಮಾಲೀಕನು ಆತನನ್ನು ತಿರಸ್ಕರಿಸುವಂತಿಲ್ಲ ಎಂದು 1989ರ ಕಾಯ್ದೆಯ 22-1ನೇ ವಿಧಿ ಹೇಳುತ್ತದೆ. ಆದರೂ ಹೊರದೇಶದಲ್ಲಿರುವವರಿಂದ ಬಾಕಿ ವಸೂಲಿ ಮಾಡುವುದು ಕಷ್ಟವೆಂದು ಹಲವು ಮಾಲೀಕರು ಹಿಂಜರಿಯುತ್ತಾರೆ.

ಈ ಕೊರತೆಯನ್ನು ತುಂಬುವ ಮುಖ್ಯ ವ್ಯವಸ್ಥೆ 'ಅಕ್ಸಿಯೋಂ ಲೊಜ್‌ಮಾಂ' ಸಂಸ್ಥೆ 2016ರಲ್ಲಿ ಆರಂಭಿಸಿದ ವಿಸಾಲ್ ಜಾಮೀನು. 18ರಿಂದ 30 ವರ್ಷದವರಿಗೂ, ಷರತ್ತುಗಳಿಗೆ ಒಳಪಟ್ಟು 30 ಮೀರಿದ ನೌಕರರಿಗೂ ಇದು ಉಚಿತವಾಗಿ ದೊರೆಯುತ್ತದೆ. ದೀರ್ಘಾವಧಿ ವೀಸಾ ಪಡೆದ ವಿದೇಶಿ ವಿದ್ಯಾರ್ಥಿಗಳೂ ಇದಕ್ಕೆ ಅರ್ಹರು. ಕರಾರಿಗೆ ಸಹಿ ಬೀಳುವ ಮೊದಲೇ ಇದರ ಪ್ರಮಾಣಪತ್ರವನ್ನು ಪಡೆದಿರಬೇಕು. ವಿಸಾಲ್ ಕಟ್ಟಿದ ಬಾಕಿಯನ್ನು ಬಾಡಿಗೆದಾರ ನಂತರ ಮರಳಿಸಬೇಕಾಗುತ್ತದೆ, ಅಂದರೆ ಇದು ದಾನವಲ್ಲ.

ಮೂಲ, ರಾಷ್ಟ್ರೀಯತೆ, ಧರ್ಮ ಮುಂತಾದ ಕಾರಣಗಳಿಂದ ಮನೆ ನಿರಾಕರಿಸುವುದು ಅಪರಾಧ. ದಂಡಸಂಹಿತೆಯ ಪ್ರಕಾರ ಇದಕ್ಕೆ 3 ವರ್ಷಗಳವರೆಗೆ ಜೈಲು ಮತ್ತು 45,000 ಯೂರೋವರೆಗೆ ದಂಡ ವಿಧಿಸಬಹುದು. ತಾರತಮ್ಯಕ್ಕೆ ಒಳಗಾದವರು ಹಕ್ಕುಗಳ ರಕ್ಷಕ ಎಂಬ ಸ್ವತಂತ್ರ ಸಾಂವಿಧಾನಿಕ ಪ್ರಾಧಿಕಾರಕ್ಕೆ ಉಚಿತವಾಗಿ ದೂರು ನೀಡಬಹುದು.

### ಪ್ರವೇಶ, ಬಾಡಿಗೆ ಮತ್ತು ವಿಮೆ

ಮನೆಗೆ ಬರುವಾಗ ಮತ್ತು ಬಿಡುವಾಗ ಗೋಡೆ, ನೆಲ, ಉಪಕರಣಗಳ ಸ್ಥಿತಿಯನ್ನು ಮಾಲೀಕ ಹಾಗೂ ಬಾಡಿಗೆದಾರ ಇಬ್ಬರೂ ಸೇರಿ ದಾಖಲಿಸುತ್ತಾರೆ. ಈ ಸ್ಥಿತಿಪತ್ರಕ್ಕೆ 'ಎತಾ ದೆ ಲ್ಯೂ' ಎಂದು ಹೆಸರು. ಠೇವಣಿ ಮರಳುವುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುತ್ತದೆ. ಪ್ರವೇಶದ ಸಮಯದಲ್ಲಿ ಗಮನಕ್ಕೆ ಬಾರದ ದೋಷವನ್ನು ಸೇರಿಸುವಂತೆ ಬಾಡಿಗೆದಾರ 10 ದಿನಗಳೊಳಗೆ ಕೋರಬಹುದು. ಬಿಡುವಾಗಿನ ಸ್ಥಿತಿ ಪ್ರವೇಶದ ಸ್ಥಿತಿಗೆ ಹೊಂದಿದರೆ 1 ತಿಂಗಳೊಳಗೆ, ಇಲ್ಲವಾದರೆ 2 ತಿಂಗಳೊಳಗೆ ಠೇವಣಿಯ ಲೆಕ್ಕ ಚುಕ್ತಾ ಆಗಬೇಕು. ವಿಳಂಬವಾದ ಪ್ರತಿ ತಿಂಗಳಿಗೆ ಮಾಸಿಕ ಬಾಡಿಗೆಯ ಶೇ. 10ರಷ್ಟು ಹೆಚ್ಚುವರಿ ಮೊತ್ತ ಬಾಡಿಗೆದಾರನಿಗೆ ಸಲ್ಲುತ್ತದೆ.

ಬಾಡಿಗೆದಾರ ಮನೆ ವಿಮೆ ಮಾಡಿಸುವುದು ಕಡ್ಡಾಯ. ವಿಮಾ ಸಂಸ್ಥೆಯ ಆಯ್ಕೆ ಮಾತ್ರ ಆತನದು. ಬಾಡಿಗೆ ರಸೀದಿಯನ್ನು ಕೇಳಿದಾಗ ಮಾಲೀಕ ಉಚಿತವಾಗಿ ಕೊಡಬೇಕು. ಕರಾರಿನಲ್ಲಿ ಅವಕಾಶವಿದ್ದರೆ ವರ್ಷಕ್ಕೊಮ್ಮೆ ಅಧಿಕೃತ ಬಾಡಿಗೆ ಸೂಚ್ಯಂಕದ ಮಿತಿಯಲ್ಲಿ ಬಾಡಿಗೆ ಏರಿಸಬಹುದು. ಪ್ಯಾರಿಸ್‌ನಲ್ಲಿ 2019ರ ಜುಲೈ 1ರಿಂದ ಬಾಡಿಗೆಗೆ ಗರಿಷ್ಠ ಮಿತಿಯೂ ಪ್ರಾಯೋಗಿಕವಾಗಿ ಜಾರಿಯಾಯಿತು. ಲಿಲ್, ಲಿಯೋಂ, ಬೋರ್ದೋ, ಮೋಂಪೆಲಿಯೇ ಮುಂತಾದ ನಗರಗಳು ನಂತರ ಇದನ್ನು ಅಳವಡಿಸಿಕೊಂಡವು.

ವಿದ್ಯಾರ್ಥಿಗಳೂ ಸೇರಿದಂತೆ ಕಡಿಮೆ ಆದಾಯದವರಿಗೆ 'ಕಾಫ್' ಎಂಬ ಕುಟುಂಬ ಭತ್ಯೆ ನಿಧಿಯು ವಸತಿ ಸಹಾಯಧನ ನೀಡುತ್ತದೆ. ವಿದೇಶಿಯರಿಗೆ ಸಿಂಧುವಾದ ನಿವಾಸ ಪರವಾನಗಿ ಇರಬೇಕು. ಅರ್ಹತೆಯ ಷರತ್ತುಗಳನ್ನು ಸರ್ಕಾರ ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಅರ್ಜಿ ತಡವಾದರೆ ಹಿಂದಿನ ತಿಂಗಳುಗಳ ಹಣ ದೊರೆಯುವುದಿಲ್ಲವಾದ್ದರಿಂದ ಮನೆಗೆ ಬಂದ ತಿಂಗಳಲ್ಲೇ ಅರ್ಜಿ ಸಲ್ಲಿಸುವುದು ವಾಡಿಕೆ.

### ಮನೆ ಬಿಡುವುದು ಮತ್ತು ತೆರವು

ಬಾಡಿಗೆದಾರ ಯಾವಾಗ ಬೇಕಾದರೂ ಮುನ್ಸೂಚನೆ ಕೊಟ್ಟು ಮನೆ ಬಿಡಬಹುದು. ಪೀಠೋಪಕರಣವಿಲ್ಲದ ಮನೆಗೆ 3 ತಿಂಗಳ, ಪೀಠೋಪಕರಣಸಹಿತ ಮನೆಗೆ 1 ತಿಂಗಳ ಮುನ್ಸೂಚನೆ ಬೇಕು. ವಸತಿ ಕೊರತೆಯಿರುವುದಾಗಿ ಘೋಷಿಸಲಾದ ಪಟ್ಟಣಗಳಲ್ಲಿ ಹಾಗೂ ಉದ್ಯೋಗ ಕಳೆದುಕೊಂಡಂತಹ ಸಂದರ್ಭಗಳಲ್ಲಿ 3 ತಿಂಗಳ ಅವಧಿ 1 ತಿಂಗಳಿಗೆ ಇಳಿಯುತ್ತದೆ. ಮಾಲೀಕನಾದರೋ ಕರಾರು ಮುಗಿಯುವ ಹಂತದಲ್ಲಿ ಮಾತ್ರ ಮನೆ ಬಿಡಿಸಬಹುದು. ಅದಕ್ಕೆ ಮನೆ ಮಾರಾಟ, ಸ್ವಂತ ವಾಸ ಅಥವಾ ಬೇರೊಂದು ಗಂಭೀರ ಕಾರಣವಿರಬೇಕು. ಪೀಠೋಪಕರಣವಿಲ್ಲದ ಮನೆಗೆ 6 ತಿಂಗಳು, ಪೀಠೋಪಕರಣಸಹಿತ ಮನೆಗೆ 3 ತಿಂಗಳು ಮೊದಲೇ ತಿಳಿಸಬೇಕು.

ಬಾಡಿಗೆ ಬಾಕಿಯಿದ್ದರೂ ನ್ಯಾಯಾಲಯದ ತೀರ್ಪಿಲ್ಲದೆ ಯಾರನ್ನೂ ಹೊರಹಾಕುವಂತಿಲ್ಲ. ನವೆಂಬರ್ 1ರಿಂದ ಮಾರ್ಚ್ 31ರವರೆಗಿನ ಚಳಿಗಾಲದ ವಿರಾಮದ ಅವಧಿಯಲ್ಲಿ ತೆರವಿನ ತೀರ್ಪುಗಳ ಜಾರಿಯೂ ಸಾಮಾನ್ಯವಾಗಿ ನಿಲ್ಲುತ್ತದೆ.

## ಮನೆ ಖರೀದಿ

ಫ್ರಾನ್ಸ್‌ನಲ್ಲಿ ವಸತಿ ಆಸ್ತಿ ಕೊಳ್ಳಲು ರಾಷ್ಟ್ರೀಯತೆಯ ನಿರ್ಬಂಧವಿಲ್ಲ. ಆದರೆ ಆಸ್ತಿ ಇದ್ದ ಮಾತ್ರಕ್ಕೆ ನಿವಾಸದ ಹಕ್ಕು ದೊರೆಯುವುದಿಲ್ಲ. ಮೊದಲು ಪ್ರಾಥಮಿಕ ಮಾರಾಟ ಕರಾರಿಗೆ ಸಹಿ ಹಾಕಲಾಗುತ್ತದೆ. ಆ ನಂತರ 10 ದಿನಗಳೊಳಗೆ ಖರೀದಿದಾರ ಕಾರಣ ಕೊಡದೆ ಹಿಂದೆ ಸರಿಯಬಹುದು. ಅಂತಿಮ ಕ್ರಯಪತ್ರವನ್ನು 'ನೊತೇರ್' ಎಂಬ ಸರ್ಕಾರದಿಂದ ನೇಮಕಗೊಂಡ ಕಾನೂನು ಅಧಿಕಾರಿಯ ಮುಂದೆ ನೆರವೇರಿಸಬೇಕು. ತೆರಿಗೆಗಳೂ ಸೇರಿದಂತೆ ಇದರ ವೆಚ್ಚ ಹಳೆಯ ಮನೆಗಳಿಗೆ ಬೆಲೆಯ ಸುಮಾರು ಶೇ. 7ರಿಂದ 8, ಹೊಸ ಮನೆಗಳಿಗೆ ಶೇ. 2ರಿಂದ 3ರಷ್ಟಾಗುತ್ತದೆ. ಮುಖ್ಯ ವಾಸಸ್ಥಾನದ ಮೇಲಿನ ನಿವಾಸ ತೆರಿಗೆ 2023ರಲ್ಲಿ ಸಂಪೂರ್ಣ ರದ್ದಾಯಿತು. ಮಾಲೀಕರು ಪ್ರತಿ ವರ್ಷ ಕಟ್ಟುವ ಆಸ್ತಿ ತೆರಿಗೆ ಮುಂದುವರಿದಿದೆ.

## ಚಾಲನಾ ಪರವಾನಗಿ

### ವಿದೇಶಿ ಪರವಾನಗಿಯ ಮಾನ್ಯತೆ

ಐರೋಪ್ಯ ಒಕ್ಕೂಟ ಮತ್ತು ಐರೋಪ್ಯ ಆರ್ಥಿಕ ವಲಯದ ದೇಶಗಳ ಪರವಾನಗಿ ಸಿಂಧುವಾಗಿರುವವರೆಗೆ ಫ್ರಾನ್ಸ್‌ನಲ್ಲೂ ಮಾನ್ಯ. ಇತರ ದೇಶಗಳ ಪರವಾನಗಿಗೆ ಸಾಮಾನ್ಯವಾಗಿ ನಿವಾಸ ಆರಂಭವಾದ ನಂತರ 1 ವರ್ಷ ಮಾತ್ರ ಮಾನ್ಯತೆ ಇರುತ್ತದೆ. ಪರವಾನಗಿ ಫ್ರೆಂಚ್ ಭಾಷೆಯಲ್ಲಿ ಇಲ್ಲದಿದ್ದರೆ ಅಧಿಕೃತ ಅನುವಾದವನ್ನೋ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೋ ಜೊತೆಗಿಟ್ಟುಕೊಳ್ಳಬೇಕು. ಅಂತರರಾಷ್ಟ್ರೀಯ ಪರವಾನಗಿಯು ಮೂಲ ಪರವಾನಗಿಯ ಅನುವಾದದಂತೆ ಬಳಕೆಯಾಗುತ್ತದೆಯೇ ಹೊರತು ಅದರ ಅವಧಿಯನ್ನು ಹೆಚ್ಚಿಸುವುದಿಲ್ಲ. ವಿದ್ಯಾರ್ಥಿ ನಿವಾಸ ಪರವಾನಗಿ ಹೊಂದಿದವರಿಗೆ ವ್ಯಾಸಂಗದ ಅವಧಿಯುದ್ದಕ್ಕೂ ಮಾನ್ಯತೆ ಇರುತ್ತದೆ.

ಫ್ರಾನ್ಸ್‌ನೊಂದಿಗೆ ಪರಸ್ಪರ ಒಪ್ಪಂದ ಮಾಡಿಕೊಂಡ ದೇಶಗಳ ಪರವಾನಗಿಯನ್ನು ಪರೀಕ್ಷೆಯಿಲ್ಲದೆ ಫ್ರೆಂಚ್ ಪರವಾನಗಿಗೆ ಬದಲಿಸಿಕೊಳ್ಳಬಹುದು. ಅರ್ಜಿಯನ್ನು ಆ ಒಂದು ವರ್ಷ ಮುಗಿಯುವ ಮೊದಲು 'ಫ್ರಾಂಸ್ ತಿತ್ರ್' ಸಂಸ್ಥೆಯ ಜಾಲತಾಣದಲ್ಲಿ ಸಲ್ಲಿಸಬೇಕು. ಈ ಸಂಸ್ಥೆ ಹಿಂದೆ ಎ.ಎನ್.ಟಿ.ಎಸ್. ಎಂದು ಪರಿಚಿತವಾಗಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನದ ವಿಷಯದಲ್ಲಿ ಕೆಲವು ರಾಜ್ಯಗಳ ಪರವಾನಗಿಗಳಿಗೆ ಮಾತ್ರ ಈ ಸೌಲಭ್ಯವಿದೆ.

ಭಾರತದ ಪರವಾನಗಿಗೆ ಇಂತಹ ವಿನಿಮಯದ ಅವಕಾಶವಿಲ್ಲ. ಆದ್ದರಿಂದ ಉದ್ಯೋಗ ಅಥವಾ ಕುಟುಂಬದ ಕಾರಣದಿಂದ ನೆಲೆಸಿದ ಭಾರತೀಯರು, ಎಷ್ಟೇ ವರ್ಷಗಳ ಚಾಲನಾ ಅನುಭವವಿದ್ದರೂ, ಒಂದು ವರ್ಷದ ನಂತರ ವಾಹನ ಓಡಿಸಬೇಕಾದರೆ ಫ್ರೆಂಚ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಫ್ರಾನ್ಸ್‌ನಲ್ಲಿ ನೆಲೆಸಿದ ಬಳಿಕ ರಜೆಯಲ್ಲಿ ಊರಿಗೆ ಹೋಗಿ ಪಡೆದ ಹೊಸ ಪರವಾನಗಿಗೂ ಮಾನ್ಯತೆ ಇರುವುದಿಲ್ಲ. ಮಾನ್ಯ ಪರವಾನಗಿಯಿಲ್ಲದೆ ವಾಹನ ಚಲಾಯಿಸುವುದಕ್ಕೆ 1 ವರ್ಷದವರೆಗೆ ಜೈಲು ಮತ್ತು 15,000 ಯೂರೋವರೆಗೆ ದಂಡ ವಿಧಿಸಬಹುದು.

### ಪರೀಕ್ಷೆ

ಪರೀಕ್ಷೆಯಲ್ಲಿ ಎರಡು ಹಂತಗಳಿವೆ. 'ಕೋದ್' ಎಂದು ಕರೆಯಲಾಗುವ ನಿಯಮಗಳ ಪರೀಕ್ಷೆಯಲ್ಲಿ 40 ಪ್ರಶ್ನೆಗಳಿದ್ದು ಕನಿಷ್ಠ 35ಕ್ಕೆ ಸರಿಯುತ್ತರ ನೀಡಬೇಕು. ಇದರ ಶುಲ್ಕ 30 ಯೂರೋ. ಪ್ರಶ್ನೆಗಳು ಫ್ರೆಂಚ್ ಭಾಷೆಯಲ್ಲಿ ಇರುವುದರಿಂದ ಭಾಷೆ ಕಲಿಯದವರಿಗೆ ಈ ಹಂತ ಹೆಚ್ಚು ಕಠಿಣ. ಎರಡನೆಯದು ರಸ್ತೆಯಲ್ಲಿ ನಡೆಯುವ ಸುಮಾರು ಅರ್ಧ ಗಂಟೆಯ ಪ್ರಾಯೋಗಿಕ ಪರೀಕ್ಷೆ. ಮೊದಲ ಬಾರಿಗೆ ಚಾಲನೆ ಕಲಿಯುವವರು ಚಾಲನಾ ಶಾಲೆಯಲ್ಲಿ ಸೇರಿದರೆ ಗೇರ್ ಕಾರಿಗೆ ಕನಿಷ್ಠ 20 ಗಂಟೆ, ಸ್ವಯಂಚಾಲಿತ ಗೇರ್‌ನ ಕಾರಿಗೆ 13 ಗಂಟೆ ಅಭ್ಯಾಸ ಮಾಡಬೇಕು. ಶಾಲೆಗೆ ಸೇರದೆ ಸ್ವತಂತ್ರ ಅಭ್ಯರ್ಥಿಯಾಗಿಯೂ ಪರೀಕ್ಷೆಗೆ ಕೂರಬಹುದು. 2024ರ ಜನವರಿಯಿಂದ ಕನಿಷ್ಠ ವಯಸ್ಸು 17 ವರ್ಷ.

ಪರವಾನಗಿಗೆ 12 ಅಂಕಗಳಿರುತ್ತವೆ. ಹೊಸಬರಿಗೆ ಆರಂಭದಲ್ಲಿ 6 ಅಂಕ ಕೊಟ್ಟು, ತಪ್ಪುಗಳಿಲ್ಲದಿದ್ದರೆ ಸಾಮಾನ್ಯವಾಗಿ 3 ವರ್ಷಗಳಲ್ಲಿ 12ಕ್ಕೆ ಏರಿಸಲಾಗುತ್ತದೆ. ಸಂಚಾರ ಅಪರಾಧಗಳಿಗೆ ಅಂಕ ಕಡಿತವಾಗಿ ಶೂನ್ಯಕ್ಕೆ ಇಳಿದರೆ ಪರವಾನಗಿ ರದ್ದಾಗುತ್ತದೆ.

## ಕಾರು ಹೊಂದುವುದು

### ಖರೀದಿ ಮತ್ತು ನೋಂದಣಿ

ಬಳಸಿದ ಕಾರನ್ನು ಕೊಳ್ಳುವಾಗ ಮಾರಾಟಗಾರನಿಂದ ಪಡೆಯಬೇಕಾದ ಮುಖ್ಯ ದಾಖಲೆಗಳು ಇವು:

* ಮಾರಾಟದ ದಿನಾಂಕ ಬರೆದು, ಅಡ್ಡಗೆರೆ ಎಳೆದು ಸಹಿ ಮಾಡಿದ ನೋಂದಣಿ ಪತ್ರ ('ಕಾರ್ತ್ ಗ್ರೀಸ್')
* ಇಬ್ಬರೂ ಸಹಿ ಮಾಡಿದ ಹಸ್ತಾಂತರ ಪತ್ರ
* ವಾಹನದ ಮೇಲೆ ತಡೆಯಾಜ್ಞೆ ಅಥವಾ ಅಡಮಾನವಿಲ್ಲವೆಂದು ತೋರಿಸುವ, 15 ದಿನಗಳೊಳಗಿನ ಪ್ರಮಾಣಪತ್ರ
* ಕಾರು 4 ವರ್ಷಕ್ಕಿಂತ ಹಳೆಯದಾಗಿದ್ದರೆ 6 ತಿಂಗಳೊಳಗಿನ ತಾಂತ್ರಿಕ ತಪಾಸಣಾ ವರದಿ

ವಾಹನದ ಹಿಂದಿನ ಮಾಲೀಕತ್ವ ಮತ್ತು ಅಪಘಾತಗಳ ವಿವರವನ್ನು 'ಇಸ್ತೊವೆಕ್' ಎಂಬ ಉಚಿತ ಸರ್ಕಾರಿ ಸೇವೆಯಿಂದ ಮಾರಾಟಗಾರನು ಪಡೆದು ಖರೀದಿದಾರನಿಗೆ ತೋರಿಸಬಹುದು. ಖರೀದಿದಾರ 1 ತಿಂಗಳೊಳಗೆ ಕಾರನ್ನು ತನ್ನ ಹೆಸರಿಗೆ ನೋಂದಾಯಿಸಬೇಕು. 2017ರ ನವೆಂಬರ್‌ನಿಂದ ಈ ಪ್ರಕ್ರಿಯೆ ಅಂತರಜಾಲದ ಮೂಲಕವೇ ನಡೆಯುತ್ತಿದೆ. ವಿಳಾಸದ ಪುರಾವೆ, ಚಾಲನಾ ಪರವಾನಗಿ ಮತ್ತು ವಿಮೆಯ ದಾಖಲೆ ಅಗತ್ಯ. 2009ರಿಂದ ನೀಡುತ್ತಿರುವ ನೋಂದಣಿ ಸಂಖ್ಯೆಗಳು ವಾಹನದ ಆಯುಷ್ಯಪೂರ್ತಿ ಬದಲಾಗುವುದಿಲ್ಲ. ಮಾಲೀಕರು ಮನೆ ಬದಲಿಸಿದರೆ 1 ತಿಂಗಳೊಳಗೆ ನೋಂದಣಿ ಪತ್ರದ ವಿಳಾಸ ತಿದ್ದಿಸಬೇಕು. ವೇಗಮಿತಿ ಉಲ್ಲಂಘನೆಯಂತಹ ದಂಡದ ನೋಟಿಸುಗಳು ಆ ವಿಳಾಸಕ್ಕೇ ಹೋಗುತ್ತವೆ. ಬೇಗ ಕಟ್ಟಿದರೆ 90 ಯೂರೋ ಆಗುವ ದಂಡವು ನಿಗದಿತ ಅವಧಿಯಲ್ಲಿ 135 ಯೂರೋ, ಅವಧಿ ಮೀರಿದರೆ 375 ಯೂರೋ ಆಗುತ್ತದೆ. ಹಳೆಯ ವಿಳಾಸಕ್ಕೆ ಹೋದ ನೋಟಿಸು ಮಾಲೀಕರ ಕೈಸೇರದೆ ದಂಡ ಹೀಗೆ ಬೆಳೆಯುವ ಸಂಭವವಿದೆ.

ಕಾರುಗಳ ಕಡ್ಡಾಯ ತಾಂತ್ರಿಕ ತಪಾಸಣೆ ಮೊದಲ ನೋಂದಣಿಯ 4ನೇ ವರ್ಷ ತುಂಬುವ ಮುಂಚಿನ 6 ತಿಂಗಳಲ್ಲಿ, ನಂತರ 2 ವರ್ಷಗಳಿಗೊಮ್ಮೆ ನಡೆಯುತ್ತದೆ. ಮಾಲಿನ್ಯ ಮಟ್ಟವನ್ನು ತೋರಿಸುವ 'ಕ್ರಿತೇರ್' ಚೀಟಿಯನ್ನು ಕೆಲವು ನಗರಗಳ ನಿರ್ಬಂಧಿತ ವಲಯಗಳಲ್ಲಿ ಕೇಳಲಾಗುತ್ತದೆ. ಈ ವಲಯಗಳ ರದ್ದತಿಯ ಪರವಾಗಿ 2025ರ ಜೂನ್‌ನಲ್ಲಿ ಫ್ರಾನ್ಸ್‌ನ ರಾಷ್ಟ್ರೀಯ ಸಭೆ ಮತ ನೀಡಿತ್ತು.

### ವಿಮೆ

ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆಯನ್ನು 1958ರ ಕಾಯ್ದೆ ಕಡ್ಡಾಯಗೊಳಿಸಿತು. ನಿಲ್ಲಿಸಿಟ್ಟ ಕಾರಿಗೂ ಇದು ಅನ್ವಯಿಸುತ್ತದೆ. ವಿಮೆಯ ಗುರುತಾಗಿ ಗಾಜಿಗೆ ಅಂಟಿಸುತ್ತಿದ್ದ ಹಸಿರು ಚೀಟಿ 2024ರ ಏಪ್ರಿಲ್ 1ರಿಂದ ರದ್ದಾಗಿದ್ದು, ಪೊಲೀಸರು ವಿಮೆಯನ್ನು ಗಣಕೀಕೃತ ಕಡತದಲ್ಲಿ ಪರಿಶೀಲಿಸುತ್ತಾರೆ.

ವಿಮಾ ಕಂತು 'ಬೋನಸ್-ಮಾಲ್ಯುಸ್' ಗುಣಾಂಕವನ್ನು ಅವಲಂಬಿಸಿದೆ. ಗುಣಾಂಕ 1ರಿಂದ ಆರಂಭವಾಗಿ, ಅಪಘಾತವಿಲ್ಲದ ಪ್ರತಿ ವರ್ಷ ಶೇ. 5ರಷ್ಟು ಇಳಿಯುತ್ತ ಕೊನೆಗೆ 0.50 ತಲುಪಬಹುದು. ಚಾಲಕನದೇ ತಪ್ಪಿನಿಂದ ಅಪಘಾತವಾದರೆ ಶೇ. 25ರಷ್ಟು ಏರುತ್ತದೆ. ಹೊಸದಾಗಿ ಬಂದವರು ತಮ್ಮ ದೇಶದ ವಿಮಾ ಸಂಸ್ಥೆಯಿಂದ ಅಪಘಾತರಹಿತ ಚಾಲನೆಯ ಪ್ರಮಾಣಪತ್ರ ತಂದರೆ ಕೆಲವು ಸಂಸ್ಥೆಗಳು ಅದನ್ನು ಪರಿಗಣಿಸುತ್ತವೆ. ಕಡ್ಡಾಯ ವಿಮೆಯನ್ನು ಸಂಸ್ಥೆಯೊಂದು ನಿರಾಕರಿಸಿದರೆ ಕೇಂದ್ರ ದರ ನಿಗದಿ ಮಂಡಳಿಗೆ ಮನವಿ ಸಲ್ಲಿಸಬಹುದು.

ಅಪಘಾತವಾದಾಗ ಇಬ್ಬರು ಚಾಲಕರೂ ಸ್ಥಳದಲ್ಲೇ 'ಕೋಂಸ್ತಾ' ಎಂಬ ಜಂಟಿ ವರದಿಯನ್ನು ತುಂಬಿ ಸಹಿ ಮಾಡುತ್ತಾರೆ. ಹೊಣೆ ಯಾರದೆಂದು ವಿಮಾ ಸಂಸ್ಥೆಗಳು ಇದರ ಆಧಾರದ ಮೇಲೆ ನಿರ್ಧರಿಸುವುದರಿಂದ, ಅರ್ಥವಾಗದ ಬರಹಕ್ಕೆ ಸಹಿ ಹಾಕುವುದು ಅಪಾಯಕಾರಿ. ವರದಿಯನ್ನು ಕೆಲಸದ 5 ದಿನಗಳೊಳಗೆ ವಿಮಾ ಸಂಸ್ಥೆಗೆ ತಲುಪಿಸಬೇಕು.

### ಸಂಚಾರ ನಿಯಮಗಳು

ಭಾರತದಲ್ಲಿ ರಸ್ತೆಯ ಎಡಬದಿಯಲ್ಲಿ ವಾಹನಗಳು ಸಾಗಿದರೆ ಫ್ರಾನ್ಸ್‌ನಲ್ಲಿ ಬಲಬದಿಯಲ್ಲಿ ಸಾಗುತ್ತವೆ. ಬೇರೆ ಸೂಚನೆಯಿಲ್ಲದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ, ಅದು ಚಿಕ್ಕ ಬೀದಿಯಿಂದ ಬಂದರೂ, ದಾರಿ ಬಿಡಬೇಕು. ಸಾಮಾನ್ಯ ವೇಗಮಿತಿ ಗಂಟೆಗೆ ಊರೊಳಗೆ 50 ಕಿ.ಮೀ., ವಿಭಜಕವಿಲ್ಲದ ಹೊರರಸ್ತೆಗಳಲ್ಲಿ 80, ಮೋಟಾರು ಹೆದ್ದಾರಿಗಳಲ್ಲಿ 130 ಕಿ.ಮೀ. ಮಳೆಯಲ್ಲಿ ಹೆದ್ದಾರಿಯ ಮಿತಿ 110ಕ್ಕೆ ಇಳಿಯುತ್ತದೆ. ಪ್ಯಾರಿಸ್‌ನ ಬಹುತೇಕ ಬೀದಿಗಳಲ್ಲಿ 2021ರಿಂದ 30 ಕಿ.ಮೀ. ಮಿತಿಯಿದೆ.

## ವಂಚನೆಗಳು

ಮನೆಯ ತುರ್ತಿನಲ್ಲಿರುವ, ಇನ್ನೂ ಫ್ರಾನ್ಸ್ ತಲುಪದ ಅರ್ಜಿದಾರರು ಸುಲಭವಾಗಿ ಮೋಸಕ್ಕೆ ಒಳಗಾಗುತ್ತಾರೆ. ಕಡಿಮೆ ಬಾಡಿಗೆಯ ಆಕರ್ಷಕ ಜಾಹೀರಾತು ನೀಡಿ, ತಾನು ಹೊರದೇಶದಲ್ಲಿರುವುದಾಗಿ ಹೇಳಿ, ಮನೆ ತೋರಿಸುವ ಮೊದಲೇ ಹಣ ಕಳುಹಿಸಲು ಕೇಳುವುದು ವಂಚಕರ ಸಾಮಾನ್ಯ ವಿಧಾನ. ಕರಾರಿಗೆ ಸಹಿಯಾಗುವ ಮೊದಲು ಮನೆ ಕಾಯ್ದಿರಿಸಲು ಹಣ ಕೇಳುವುದು ಕಾನೂನುಬಾಹಿರವಾಗಿರುವುದರಿಂದ ಅಂತಹ ಬೇಡಿಕೆಯೇ ಎಚ್ಚರಿಕೆಯ ಸೂಚನೆ. ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದ ಒಳಬಾಡಿಗೆಯೂ ಅಸುರಕ್ಷಿತ. ಅಲ್ಲಿ ನೆಲೆಸಿದವರಿಗೆ ಮಾಲೀಕನ ವಿರುದ್ಧ ಯಾವ ಹಕ್ಕೂ ಇರುವುದಿಲ್ಲ.

## ನೆರವು ನೀಡುವ ಸಂಸ್ಥೆಗಳು

* ಆದಿಲ್: ಜಿಲ್ಲಾ ಮಟ್ಟದ ವಸತಿ ಮಾಹಿತಿ ಕೇಂದ್ರಗಳು. ಬಾಡಿಗೆ ಕರಾರು, ಠೇವಣಿ, ತೆರವುಗಳ ಬಗ್ಗೆ ಕಾನೂನು ಸಲಹೆ ಉಚಿತ.
* ಸಂಧಾನ ಸಮಿತಿಗಳು: ಠೇವಣಿ, ಬಾಡಿಗೆ, ಸ್ಥಿತಿಪತ್ರದ ತಕರಾರುಗಳನ್ನು ನ್ಯಾಯಾಲಯಕ್ಕೆ ಹೋಗದೆ ಬಗೆಹರಿಸಲು ಜಿಲ್ಲೆಗಳಲ್ಲಿರುವ ಉಚಿತ ವ್ಯವಸ್ಥೆ.
* ಫ್ರಾಂಸ್ ಸೆರ್ವಿಸ್: ಅಂತರಜಾಲದಲ್ಲಿ ಅರ್ಜಿ ಸಲ್ಲಿಸಲು ತಿಳಿಯದವರಿಗೆ ನೆರವಾಗುವ ಸರ್ಕಾರಿ ಕೇಂದ್ರಗಳು.
* ಕ್ರೂಸ್: ವಿದ್ಯಾರ್ಥಿ ವಸತಿನಿಲಯಗಳನ್ನು ನಡೆಸುವ ಪ್ರಾದೇಶಿಕ ಸಂಸ್ಥೆಗಳು.
* ಪ್ಯಾರಿಸ್‌ನ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ನಗರಿ: ವಿದ್ಯಾರ್ಥಿಗಳು ಮತ್ತು ಸಂಶೋಧಕರಿಗೆ ವಸತಿ ಒದಗಿಸುವ ಈ ಆವರಣದಲ್ಲಿ ಭಾರತದ ಹೆಸರಿನ ನಿಲಯವೂ ಇದೆ.
* ಯುರಾಕ್ಸೆಸ್: ವಿದೇಶಿ ಸಂಶೋಧಕರಿಗೆ ವಸತಿ ಹಾಗೂ ಆಡಳಿತಾತ್ಮಕ ವಿಷಯಗಳಲ್ಲಿ ಮಾರ್ಗದರ್ಶನ ನೀಡುವ ಐರೋಪ್ಯ ಜಾಲ.

## ಇವನ್ನೂ ನೋಡಿ

* ಫ್ರಾನ್ಸ್
* ಐರೋಪ್ಯ ಒಕ್ಕೂಟ
* ಅಂತರರಾಷ್ಟ್ರೀಯ ಚಾಲನಾ ಪರವಾನಗಿ
* ಅನಿವಾಸಿ ಭಾರತೀಯರು